ಜೀಪಿನ ಚೆಕ್ ಲೈಟ್ ಉರಿದರೆ ಮೊದಲು ಅರ್ತ್ ವಯರ್ ನೋಡಿ

ಕರಾವಳಿಯಿಂದ ಘಟ್ಟ ಹತ್ತುವ ದಾರಿಗಳಲ್ಲಿ ಜೀಪಿಗೆ ಇರುವ ಮರ್ಯಾದೆ ಬೇರೆ ಯಾವ ಗಾಡಿಗೂ ಇಲ್ಲ. ಕೊಲ್ಲೂರಿನಿಂದ ಕೊಡಚಾದ್ರಿಯ ಮೇಲಕ್ಕೆ, ಮಡಿಕೇರಿ ಕಡೆಯಿಂದ ಮಾಂದಲ್‌ಪಟ್ಟಿಗೆ ಜನರನ್ನು ಹೊತ್ತೊಯ್ಯುವುದು ಜೀಪುಗಳೇ. ತೋಟದ ಒಳದಾರಿಯಿಂದ ಅಡಿಕೆ, ಕಾಳುಮೆಣಸು, ಕಾಫಿ ಮೂಟೆ ಹೊರಗೆ ತರುವುದೂ ಅವೇ. ವ್ಯಾಪಾರ, ಬಾಡಿಗೆ, ತೋಟದ ಕೆಲಸ ಎಂದು ನಮ್ಮ ಎಷ್ಟೋ ಮನೆಗಳ ಅಂಗಳದಲ್ಲಿ ಇಂದಿಗೂ ಒಂದು ಹಳೆಯ ಡೀಸೆಲ್ ಜೀಪು ನಿಂತಿರುತ್ತದೆ. ಹತ್ತು ಹನ್ನೆರಡು ವರ್ಷ ಹಳತಾದರೂ ಅದನ್ನು ಮಾರಲು ಮನಸ್ಸು ಬರುವುದಿಲ್ಲ. ಹೊಸತು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದೂ ಇಲ್ಲ.

ಆ ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ದಿನ ಹಳದಿ ಬಣ್ಣದ ಎಂಜಿನ್ ಚಿತ್ರ ಹೊತ್ತಿಕೊಳ್ಳುತ್ತದೆ. ಏರಿನಲ್ಲಿ ಪಿಕಪ್ ಇಲ್ಲ, ಬೆಳಗ್ಗೆ ಸೆಲ್ಫ್ ಹೊಡೆದರೆ ಎಳೆದೆಳೆದು ತಿರುಗುತ್ತದೆ. ಗ್ಯಾರೇಜಿಗೆ ಕೊಂಡುಹೋದರೆ ಹುಡುಗ ಸ್ಕ್ಯಾನರ್ ಚುಚ್ಚುತ್ತಾನೆ, ಪರದೆಯಲ್ಲಿ ಒಂದು ಕೋಡ್ ಬರುತ್ತದೆ, ಕೋಡಿನ ಪಕ್ಕದಲ್ಲಿ ಯಾವುದೋ ಒಂದು ಪಾರ್ಟಿನ ಹೆಸರು. "ಕಾಕ, ಇದು ಹೋಗಿದೆ, ಹೊಸತು ಹಾಕ್ಬೇಕು" ಎಂಬ ಮಾತು ಮುಗಿಯುವುದರೊಳಗೆ ಸಾವಿರಗಳ ಲೆಕ್ಕ ಶುರುವಾಗುತ್ತದೆ. ಪಾರ್ಟ್ ಬದಲಾಗುತ್ತದೆ. ವಾರ ಕಳೆದು ಅದೇ ಲೈಟ್ ಮತ್ತೆ ಉರಿಯುತ್ತದೆ.

ಈ ವಾರ ನಾವು ಹೇಳಹೊರಟಿರುವುದು ಇಷ್ಟೇ: ಕೋಡ್ ಎಂದರೆ ಗಾಡಿ ಕೊಡುವ ದೂರು. ದೂರು ಕೊಟ್ಟವನ ಮಾತು ಕೇಳಿ ಕೂಡಲೇ ಯಾರನ್ನೂ ಜೈಲಿಗೆ ಹಾಕುವುದಿಲ್ಲ, ವಿಚಾರಣೆ ಆಗಬೇಕು. ಜೀಪಿನ ವಿಷಯದಲ್ಲಿ ಆ ವಿಚಾರಣೆಗೆ ಬೇಕಾದ್ದು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ.

ಕಿವಿಯ ಕಾಲ, ಲೈಟಿನ ಕಾಲ, ಸ್ಕ್ಯಾನರಿನ ಕಾಲ

ಹಳೆಯ ಡಿಐ ಎಂಜಿನಿನ ಜೀಪುಗಳಿಗೆ ಕೋಡ್ ಎಂಬುದೇ ಇರಲಿಲ್ಲ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್. ಎಂಜಿನ್ ಒಮ್ಮೆ ಸ್ಟಾರ್ಟ್ ಆದ ಮೇಲೆ ಬ್ಯಾಟರಿ ಸತ್ತರೂ ಗಾಡಿ ಮನೆ ಸೇರುತ್ತಿತ್ತು. ನಮ್ಮ ಹಿರಿಯ ಮೇಸ್ತ್ರಿಗಳು ಬಾನೆಟ್ ಮೇಲೆ ಕೈಯಿಟ್ಟು, ಹೊಗೆಯ ಬಣ್ಣ ನೋಡಿ, ಶಬ್ದ ಕೇಳಿ ರೋಗ ಹೇಳುತ್ತಿದ್ದರು.

ಆಮೇಲೆ ಎಂಜಿನಿಗೆ ಕಂಪ್ಯೂಟರ್ ಬಂತು. ಗಲ್ಫಿನಲ್ಲಿ ಕೆಲಸ ಮಾಡಿದ ಹಳೆಯ ಎಲೆಕ್ಟ್ರಿಷಿಯನ್‌ಗಳಿಗೆ ನೆನಪಿರಬಹುದು, 1990ರ ದಶಕದ ಟೊಯೊಟಾ ಗಾಡಿಗಳಲ್ಲಿ ಸ್ಕ್ಯಾನರ್ ಬೇಕಿರಲಿಲ್ಲ. ಬಾನೆಟಿನೊಳಗಿನ ಪುಟ್ಟ ಡಬ್ಬಿಯ ಟಿಇ1 ಮತ್ತು ಇ1 ಎಂಬ ಎರಡು ತೂತುಗಳನ್ನು ಒಂದು ತುಂಡು ವಯರಿನಿಂದ ಸೇರಿಸಿದರೆ ಚೆಕ್ ಲೈಟ್ ಮಿಣುಕುತ್ತಿತ್ತು. ಮೊದಲು ಎರಡು ಸಲ, ನಿಲ್ಲಿಸಿ ಮತ್ತೆ ಎರಡು ಸಲ ಮಿಣುಕಿದರೆ ಕೋಡ್ 22. ನಿಲ್ಲದೆ ಒಂದೇ ಸಮ ಮಿಣುಕಿದರೆ ಏನೂ ತೊಂದರೆ ಇಲ್ಲ ಎಂದರ್ಥ. ಎಣಿಸಿ ಬರೆದುಕೊಂಡು, ಪುಸ್ತಕ ನೋಡಿ, ವಯರ್ ಹಿಡಿದು ಹೋಗುವುದು ಆಗಿನ ಕ್ರಮ.

ನಮ್ಮಲ್ಲಿ ಕಾಮನ್ ರೇಲ್ ಡೀಸೆಲ್ ಎಂಜಿನುಗಳು ಜೀಪು ವರ್ಗದ ಗಾಡಿಗಳಿಗೆ ಬಂದದ್ದು 2005ರ ಆಸುಪಾಸಿನಲ್ಲಿ. ಸ್ಕಾರ್ಪಿಯೊ ಸಿಆರ್‌ಡಿಇ, ಸಫಾರಿ ಡೈಕಾರ್ ಆ ಕಾಲದವು. 2010ರಲ್ಲಿ ಬಂದ ಮೊದಲ ಥಾರ್‌ನಲ್ಲಿ ಹಳೆಯ ಡಿಐ, ಹೊಸ ಸಿಆರ್‌ಡಿಇ ಎರಡೂ ಬಗೆ ಇತ್ತು. ಇವುಗಳಲ್ಲಿ ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ ಎಂದು ತೀರ್ಮಾನಿಸುವುದು ಇಸಿಯು ಎಂಬ ಪೆಟ್ಟಿಗೆ. ಸೆನ್ಸರ್‌ಗಳು ಅದರ ಕಣ್ಣು ಕಿವಿ, ವಯರುಗಳು ನರ. ಯಾವುದೇ ಸೆನ್ಸರಿನ ಸುದ್ದಿ ತಪ್ಪಾಗಿ ಕಂಡರೆ ಇಸಿಯು ಅದನ್ನು ಕೋಡ್ ರೂಪದಲ್ಲಿ ಬರೆದಿಟ್ಟುಕೊಂಡು ಲೈಟ್ ಉರಿಸುತ್ತದೆ. ವಿಷಯ ದೊಡ್ಡದಾದರೆ ಎಂಜಿನಿನ ಶಕ್ತಿಯನ್ನೇ ತಗ್ಗಿಸಿಬಿಡುತ್ತದೆ. ಅದಕ್ಕೇ "ಲಿಂಪ್ ಮೋಡ್" ಎನ್ನುವುದು, ಕುಂಟಿಕೊಂಡಾದರೂ ಮನೆ ಸೇರಲಿ ಎಂಬ ವ್ಯವಸ್ಥೆ.

ಕೋಡ್ ಓದುವುದು ಹೇಗೆ?

ಕೋಡಿನಲ್ಲಿ ಒಂದು ಅಕ್ಷರ, ನಾಲ್ಕು ಅಂಕಿ ಇರುತ್ತದೆ. ಪಿ ಎಂದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಎಂದರೆ ಬ್ರೇಕ್, ಎಬಿಎಸ್ ಮುಂತಾದ ಛಾಸಿಯ ಭಾಗ, ಬಿ ಎಂದರೆ ಬಾಡಿ, ಯು ಎಂದರೆ ಪೆಟ್ಟಿಗೆಗಳ ನಡುವಿನ ಮಾತುಕತೆ ಕಡಿದುಹೋಗಿದೆ ಎಂದು. ಅಕ್ಷರದ ನಂತರದ ಅಂಕಿ ಸೊನ್ನೆ ಆಗಿದ್ದರೆ ಎಲ್ಲ ಕಂಪನಿಗಳಿಗೂ ಅರ್ಥ ಒಂದೇ. ಒಂದು ಆಗಿದ್ದರೆ ಅದು ಆ ಕಂಪನಿಯದೇ ಕೋಡ್, ಬೇರೆ ಗಾಡಿಯ ಪಟ್ಟಿ ನೋಡಿ ಅರ್ಥ ಹೇಳಿದರೆ ದಾರಿ ತಪ್ಪುತ್ತದೆ.

ಕೋಡಿನ ಜೊತೆಗೆ ಬರುವ ಪದಗಳನ್ನು ಗಮನಿಸಬೇಕು. ನಮ್ಮ ಕಣ್ಣು ಸೆನ್ಸರಿನ ಹೆಸರಿನ ಮೇಲೆ ನಿಲ್ಲುತ್ತದೆ, ಆದರೆ ಅಸಲಿ ಸುದ್ದಿ ಇರುವುದು "ಸರ್ಕ್ಯೂಟ್", "ಲೋ", "ಹೈ" ಎಂಬ ಪದಗಳಲ್ಲಿ. ಪಿ0118 ಎಂದರೆ ನೀರಿನ ಬಿಸಿ ಅಳೆಯುವ ಸೆನ್ಸರಿನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಮೇಲಕ್ಕೆ ಹೋಗಿದೆ ಎಂದು. ಸೆನ್ಸರ್ ಸತ್ತರೂ ಹಾಗೆ ಆಗುತ್ತದೆ, ವಯರ್ ಕಡಿದರೂ ಹಾಗೆ ಆಗುತ್ತದೆ, ಕಪ್ಲರಿನ ಪಿನ್ ತುಕ್ಕು ಹಿಡಿದರೂ ಹಾಗೆಯೇ ಆಗುತ್ತದೆ. ಮೂರರಲ್ಲಿ ಯಾವುದು ಎಂದು ಕೋಡ್ ಹೇಳುವುದಿಲ್ಲ. ಅದು ಬೀದಿಯ ಹೆಸರು ಹೇಳಿತು ಅಷ್ಟೇ, ಮನೆ ನಂಬರ್ ಹುಡುಕುವ ಕೆಲಸ ನಮ್ಮದು.

ಇನ್ನೊಂದು ವಿಷಯ ಉಂಟು. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಯಾವ ಸ್ಥಿತಿಯಲ್ಲಿತ್ತು, ವೇಗ ಎಷ್ಟು, ಬಿಸಿ ಎಷ್ಟು ಎಂಬ ವಿವರವನ್ನೂ ಹೆಚ್ಚಿನ ಇಸಿಯುಗಳು ಫೋಟೊ ತೆಗೆದಂತೆ ಇಟ್ಟುಕೊಳ್ಳುತ್ತವೆ. ಇದಕ್ಕೆ "ಫ್ರೀಝ್ ಫ್ರೇಮ್" ಎನ್ನುತ್ತಾರೆ. ಬ್ಯಾಟರಿ ವಯರ್ ತೆಗೆದೋ, ಸ್ಕ್ಯಾನರಿನಲ್ಲಿ "ಕ್ಲಿಯರ್" ಒತ್ತಿಯೋ ಕೋಡ್ ಅಳಿಸಿದರೆ ಈ ಸಾಕ್ಷಿಯೂ ಹೋಗುತ್ತದೆ. ಹಾಗಾಗಿ ಅಳಿಸುವ ಮೊದಲು ಪರದೆಯ ಫೋಟೊ ತೆಗೆದಿಡುವುದು ಮೊದಲ ನಿಯಮ.

ಒಂದು ಮನೆಯ ಮೂರು ಕೋಡ್

ನಮ್ಮ ಪರಿಚಯದ ಒಂದು ಮನೆಯಲ್ಲಿ ಇಂತಹ ಜೀಪು ಇದೆ. ಉಪ್ಪ ಅದರಲ್ಲಿ ಅಡಿಕೆ, ಕಾಳುಮೆಣಸು ಖರೀದಿಗೆ ಘಟ್ಟದ ಮೇಲೆ ಹೋಗುವವರು. ದೊಡ್ಡ ಮಗ ಶಾರ್ಜಾದ ಸನಾಯದಲ್ಲಿ ಆಟೊ ಎಲೆಕ್ಟ್ರಿಷಿಯನ್. ಚಿಕ್ಕವನು ಐಟಿಐಯಲ್ಲಿ ಓದುತ್ತಿದ್ದಾನೆ. ಮಳೆಗಾಲದ ನಡುವೆ ಜೀಪು ಕೈಕೊಟ್ಟಿತು. ಬೆಳಗ್ಗೆ ಸ್ಟಾರ್ಟ್ ಆಗಲು ಕಷ್ಟ, ಏರು ಬಂದರೆ ಜಗ್ಗಿ ಜಗ್ಗಿ ನಿಲ್ಲುವುದು. ಸ್ಕ್ಯಾನರಿನಲ್ಲಿ ಮೂರು ಕೋಡ್: ಪಿ0562, ಪಿ0335, ಪಿ0087. ಅಂದರೆ ವೋಲ್ಟೇಜ್ ಕಡಿಮೆ, ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ರೇಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ. ಗ್ಯಾರೇಜಿನವರು ಕೊನೆಯದನ್ನು ಹಿಡಿದುಕೊಂಡು ಹೈ ಪ್ರೆಶರ್ ಪಂಪ್ ಬಿಚ್ಚಬೇಕು, ನಾಲ್ಕೂ ನೋಝಲ್ ಹೋಗಿರಬಹುದು, ಕ್ರ್ಯಾಂಕ್ ಸೆನ್ಸರೂ ಹೊಸತು ಬೇಕು ಎಂದರು. ಅವರು ಹೇಳಿದ ಮೊತ್ತ ದೊಡ್ಡ ಮಗ ಎರಡು ತಿಂಗಳು ಮನೆಗೆ ಕಳುಹಿಸುವ ಹಣಕ್ಕಿಂತ ಹೆಚ್ಚು. ಉಮ್ಮ ಆ ಹಣವನ್ನು ತೆಗೆದಿಟ್ಟದ್ದು ಮಗಳ ಕಾಲೇಜಿನ ಫೀಸಿಗೆ.

ಚಿಕ್ಕವನು ಪರದೆಯ ಫೋಟೊವನ್ನು ಅಣ್ಣನಿಗೆ ವಾಟ್ಸ್ಆ್ಯಪ್ ಮಾಡಿದ. ರಾತ್ರಿ ವಾಯ್ಸ್ ಮೆಸೇಜ್ ಬಂತು. ಬ್ಯಾರಿಯಲ್ಲಿ ನಡೆದ ಮಾತಿನ ಸಾರ ಇದು.

"ಪಂಪ್ ಮುಟ್ಟುದು ಬೇಡ. ವೋಲ್ಟೇಜ್ ಕೋಡ್ ಇರುವಾಗ ಬೇರೆ ಕೋಡನ್ನು ನಂಬ್ಲಿಕ್ಕಾಗುದಿಲ್ಲ. ಕೋಡ್ ಬಿದ್ದಾಗ ವೋಲ್ಟ್ ಎಷ್ಟಿತ್ತು ನೋಡು."

"11ಕ್ಕಿಂತ ಕೆಳಗೆ ಉಂಟು ಕಾಕ. ಎಂಜಿನ್ ಓಡ್ತಾ ಇತ್ತು ಆಗ."

"ಎಂಜಿನ್ ಓಡುವಾಗ 14ರ ಹತ್ರ ಇರ್ಬೇಕು. ಡೈನಮೋ ಹೋಗಿದೆಯಾ, ಇಲ್ಲ ದಾರಿಯಲ್ಲಿ ಸೋರ್ತಾ ಉಂಟಾ ನೋಡ್ಬೇಕು. ಮೀಟರ್ ತೆಕ್ಕೊ."

ಮರುದಿನ ಹುಡುಗ ಹೆಡ್‌ಲೈಟ್, ವೈಪರ್, ಬ್ಲೋವರ್ ಎಲ್ಲ ಹಾಕಿ ಎಂಜಿನ್ ಓಡುತ್ತಿರುವಾಗ ಅಳತೆ ಮಾಡಿದ. ಡೈನಮೋದ ದಪ್ಪ ವಯರಿನ ಬೋಲ್ಟಿಗೂ ಅದರ ಬಾಡಿಗೂ ನಡುವೆ 14.2 ವೋಲ್ಟ್. ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ 12.8 ಮಾತ್ರ. ಡೈನಮೋ ಸರಿ ಇದೆ, 1.4 ವೋಲ್ಟ್ ದಾರಿಯಲ್ಲಿ ಎಲ್ಲೋ ಕಳೆದುಹೋಗುತ್ತಿದೆ. ಪಾಸಿಟಿವ್ ದಾರಿಯಲ್ಲಿ ನೋಡಿದರೆ ಹೋಗುವುದು 0.1. ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೂ ನಡುವೆ ಮೀಟರ್ ಇಟ್ಟರೆ 1.3. ಕಳ್ಳ ಸಿಕ್ಕಿದ. ಎಂಜಿನ್ನಿನಿಂದ ಛಾಸಿಗೆ ಬರುವ ಜಡೆಯಂತಹ ಅರ್ತ್ ಪಟ್ಟಿಯ ಬೋಲ್ಟ್ ಬಿಚ್ಚಿದಾಗ ಅಡಿಯಲ್ಲಿ ಹಸಿರು ಬಿಳಿ ಪುಡಿ ಮತ್ತು ತುಕ್ಕು. ತಂತಿಗಳು ಅರ್ಧಕ್ಕರ್ಧ ತುಂಡಾಗಿದ್ದವು.

ಹೊಸ ಪಟ್ಟಿ ಹಾಕಿ, ಛಾಸಿಯ ಪೇಂಟು ತುಕ್ಕು ಕೆರೆದು ಬಿಗಿ ಮಾಡಿದ ಮೇಲೆ ಸೆಲ್ಫ್ ಒಂದೇ ಹೊಡೆತಕ್ಕೆ ತಿರುಗಿತು. ಕೋಡ್ ಅಳಿಸಿ ಓಡಿಸಿದರು. ಪಿ0562, ಪಿ0335 ಮತ್ತೆ ಬರಲಿಲ್ಲ. ಆದರೆ ಪಿ0087 ಏರಿನಲ್ಲಿ ಮತ್ತೆ ಬಂತು! ಅದು ಬೇರೆಯೇ ರೋಗ. ಡೀಸೆಲ್ ಫಿಲ್ಟರ್ ಬಿಚ್ಚಿದರೆ ತಳದಲ್ಲಿ ನೀರು ಮತ್ತು ಕಪ್ಪು ಕೆಸರು. ಫಿಲ್ಟರ್ ಬದಲಿಸಿದ ಮೇಲೆ ಅದೂ ನಿಂತಿತು. ಪಂಪ್ ಮತ್ತು ನೋಝಲ್ ಇದ್ದಲ್ಲೇ ಇವೆ. ಎರಡು ಸಣ್ಣ ಕಾಯಿಲೆಗಳು ಒಟ್ಟಿಗೆ ಬಂದು ಒಂದು ದೊಡ್ಡ ಕಾಯಿಲೆಯಂತೆ ಕಂಡದ್ದು ಅಷ್ಟೇ.

ಉಪ್ಪು ಗಾಳಿ, ಮಳೆ, ಇಲಿ

ನಮ್ಮ ಊರಿನ ಹವೆ ವಯರಿಂಗಿಗೆ ಒಳ್ಳೆಯದಲ್ಲ. ಕಡಲ ಕಡೆಯ ಗಾಳಿಯಲ್ಲಿ ಉಪ್ಪು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಕಬ್ಬಿಣ ಮತ್ತು ತಾಮ್ರ ಸೇರುವ ಪ್ರತಿ ಬೋಲ್ಟಿನಲ್ಲೂ ತುಕ್ಕು ಹುಟ್ಟುತ್ತದೆ. ಜೀಪಂತೂ ಹೊಳೆ, ಹಳ್ಳ, ಕೆಸರಿನಲ್ಲಿ ಇಳಿಯುವ ಗಾಡಿ. ನೀರು ಕಪ್ಲರಿನೊಳಗೆ ನುಗ್ಗಿ ನಿಲ್ಲುತ್ತದೆ, ಆ ದಿನ ಏನೂ ಆಗದೆ ಎರಡು ತಿಂಗಳ ನಂತರ ಪಿನ್ ಹಸಿರಾಗುತ್ತದೆ. ಕೆಸರು ತೊಳೆಯಲೆಂದು ಪ್ರೆಶರ್ ವಾಟರ್ ಹೊಡೆದಾಗಲೂ ಹೀಗೇ.

ಕಲ್ಲು ದಾರಿಯ ಕುಲುಕಾಟದಿಂದ ವಯರಿನ ಕಟ್ಟು ಛಾಸಿಯ ಅಂಚಿಗೆ, ಬ್ರ್ಯಾಕೆಟಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇಲಿಗಳು ಬಾನೆಟಿನೊಳಗೆ ಸೇರುತ್ತವೆ. ಇನ್ನು ನಾವೇ ಮಾಡಿಕೊಳ್ಳುವ ತೊಂದರೆ: ಫಾಗ್ ಲ್ಯಾಂಪ್, ದೊಡ್ಡ ಹಾರ್ನ್, ಮ್ಯೂಸಿಕ್ ಸಿಸ್ಟಂ ಎಂದು ಸಿಕ್ಕ ಸಿಕ್ಕ ವಯರನ್ನು ಕೊರೆದು ಕರೆಂಟ್ ಎಳೆಯುವುದು. ಹೊಸ ಲ್ಯಾಂಪಿಗೆ ಬ್ಯಾಟರಿಯಿಂದ ನೇರ ವಯರ್, ಫ್ಯೂಸ್, ರಿಲೇ ಬೇಕೇ ಬೇಕು. ಇಸಿಯುವಿನ ವಯರಿಗೆ ಗಂಟು ಹಾಕಿದರೆ ಇಂದು ಬೆಳಕು ಸಿಗುತ್ತದೆ, ನಾಳೆ ಕೋಡ್ ಬರುತ್ತದೆ.

ಆದ್ದರಿಂದ ಯಾವ ಕೋಡ್ ಬಂದರೂ ಮೊದಲು ಕಣ್ಣಿನಿಂದ ನೋಡಬೇಕು. ಬ್ಯಾಟರಿ ಟರ್ಮಿನಲ್ ಅಲ್ಲಾಡುತ್ತದೆಯೇ, ಬಿಳಿ ಪುಡಿ ಕೂತಿದೆಯೇ? ಬ್ಯಾಟರಿಯಿಂದ ಛಾಸಿಗೆ, ಛಾಸಿಯಿಂದ ಎಂಜಿನಿಗೆ, ಬಾಡಿಗೆ ಹೋಗುವ ಅರ್ತ್‌ಗಳು ಗಟ್ಟಿ ಇವೆಯೇ? ಫ್ಯೂಸ್ ಡಬ್ಬಿಯಲ್ಲಿ ನೀರಿದೆಯೇ? ಕೋಡಿನಲ್ಲಿ ಹೆಸರು ಬಂದ ಸೆನ್ಸರಿನ ಕಪ್ಲರ್ ಪೂರ್ತಿ ಕೂತಿದೆಯೇ? ಬ್ಯಾಟರಿಯ ಪುಡಿಯನ್ನು ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲಿನ್ ಹಚ್ಚಿದರೆ ಸಾಕು.

ಮೀಟರ್ ಹಿಡಿದು ನಾಲ್ಕು ಪರೀಕ್ಷೆ

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ ಇಟ್ಟುಕೊಳ್ಳಿ.

ಒಂದು, ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.4ರಿಂದ 12.7 ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಎಂಜಿನ್ ಓಡುವಾಗ 13.8ರಿಂದ 14.5. ಇವು ಸರಿಯಿಲ್ಲದಿದ್ದರೆ ಉಳಿದ ಕೋಡ್‌ಗಳ ಚಿಂತೆ ಆಮೇಲೆ.

ಎರಡು, ಅರ್ತ್. ಒಂದು ಮೊನೆ ಬ್ಯಾಟರಿಯ ನೆಗೆಟಿವ್ ಮೇಲೆ, ಇನ್ನೊಂದು ಎಂಜಿನ್ ಬ್ಲಾಕಿನ ಶುದ್ಧ ಲೋಹದ ಮೇಲೆ. ಯಾರಾದರೂ ಸೆಲ್ಫ್ ಹೊಡೆಯಲಿ. ಮೀಟರಿನಲ್ಲಿ 0.3ರ ಒಳಗೆ ಬಂದರೆ ಸಮಾಧಾನ. ಅರ್ಧ ವೋಲ್ಟ್ ದಾಟಿದರೆ ಅರ್ತ್ ದಾರಿ ಬಿಚ್ಚಿ ನೋಡಲೇಬೇಕು. ಗಾಡಿ ನಿಲ್ಲಿಸಿ ಬರೇ ಬೀಪ್ ಶಬ್ದ ಕೇಳುವ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಒಂದೇ ಎಳೆ ತಂತಿ ಉಳಿದಿದ್ದರೂ ಬೀಪ್ ಬರುತ್ತದೆ, ಆದರೆ ಕರೆಂಟಿನ ಭಾರ ಅದು ಹೊರುವುದಿಲ್ಲ.

ಮೂರು, ಐದು ವೋಲ್ಟ್. ರೇಲ್ ಒತ್ತಡ, ಆಕ್ಸಿಲರೇಟರ್ ಪೆಡಲ್, ಟರ್ಬೊ ಒತ್ತಡ ಅಳೆಯುವ ಸೆನ್ಸರ್‌ಗಳಿಗೆ ಇಸಿಯು ಕೊಡುವುದು 5 ವೋಲ್ಟ್. ಹಲವು ಸೆನ್ಸರ್‌ಗಳಿಗೆ ಒಂದೇ ಮೂಲದಿಂದ ಹೋಗುವುದೂ ಉಂಟು. ಒಂದು ಕಡೆ ವಯರ್ ಉಜ್ಜಿ ಛಾಸಿಗೆ ತಾಗಿದರೆ ಎಲ್ಲವೂ ಒಟ್ಟಿಗೆ ಮಲಗುತ್ತವೆ, ಪರದೆಯಲ್ಲಿ ನಾಲ್ಕೈದು ಕೋಡ್ ಸಾಲಾಗಿ ಬರುತ್ತವೆ. ಪಿ0642 ಇದ್ದರೆ ಇದೇ ಅನುಮಾನ. ನಾಲ್ಕು ಸೆನ್ಸರ್ ಒಂದೇ ದಿನ ಸಾಯುವುದಿಲ್ಲ ಮಾರಾಯ್ರೇ! ಕೀ ಆನ್ ಮಾಡಿ, ಒಂದೊಂದೇ ಕಪ್ಲರ್ ಕಳಚುತ್ತಾ ಹೋಗಿ. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಅಲ್ಲಿ ಸೆನ್ಸರ್ ಅಥವಾ ಅದರ ವಯರ್ ತಪ್ಪಿತಸ್ಥ. ಯಾವುದನ್ನು ಕಳಚಿದರೂ ಬಾರದಿದ್ದರೆ ವಯರಿನ ಕಟ್ಟಿನೊಳಗೆ ಹುಡುಕಬೇಕು.

ನಾಲ್ಕು, ಬಿಸಿ ಅಳೆಯುವ ಎರಡು ವಯರಿನ ಸೆನ್ಸರ್. ಸ್ಕ್ಯಾನರಿನಲ್ಲಿ ಲೈವ್ ಡೇಟಾ ತೆರೆದು ಕಪ್ಲರ್ ಕಳಚಿ. ಮೈನಸ್ 40 ಡಿಗ್ರಿಯ ಸುಮಾರಿಗೆ ತೋರಿಸಬೇಕು. ಕಪ್ಲರಿನ ಎರಡು ಪಿನ್‌ಗಳನ್ನು ಸಣ್ಣ ವಯರಿನಿಂದ ಸೇರಿಸಿದರೆ ಅಂಕಿ ಮೇಲಕ್ಕೆ ಹಾರಿ ತುದಿ ಮುಟ್ಟಬೇಕು. ಎರಡೂ ಆದರೆ ವಯರ್ ಮತ್ತು ಇಸಿಯು ಸರಿ, ಸೆನ್ಸರ್ ಬದಲಿಸಿ. ಅಂಕಿ ಅಲುಗದಿದ್ದರೆ ಹೊಸ ಸೆನ್ಸರ್ ಹಾಕಿಯೂ ಪ್ರಯೋಜನ ಇಲ್ಲ. ಮೂರು ವಯರಿನ ಸೆನ್ಸರಿಗೆ ಮಾತ್ರ ಹೀಗೆ ಪಿನ್ ಸೇರಿಸಬಾರದು.

ಡೀಸೆಲ್ ಮತ್ತು ಗಾಳಿಯ ಕೋಡ್

ಪಿ0087 ಕಂಡ ಕೂಡಲೇ ಪಂಪಿನ ಕಡೆ ಕೈ ಹೋಗಬಾರದು. ಟ್ಯಾಂಕಿನಿಂದ ಎಂಜಿನಿನ ಕಡೆಗೆ ನಡೆಯಬೇಕು. ಫಿಲ್ಟರಿನಲ್ಲಿ ನೀರು, ಕೆಸರು ಇದೆಯೇ, ಪೈಪ್ ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೇ, ಟ್ಯಾಂಕಿನ ತಳದಲ್ಲಿ ಕಸ ಇದೆಯೇ ಎಂದು ಮೊದಲು ನೋಡಬೇಕು. ಲೈವ್ ಡೇಟಾದಲ್ಲಿ ಇಸಿಯು ಕೇಳಿದ ಒತ್ತಡ ಎಷ್ಟು, ಸಿಕ್ಕಿದ ಒತ್ತಡ ಎಷ್ಟು ಎಂದು ಎರಡೂ ಕಾಣುತ್ತದೆ. ಕಾಮನ್ ರೇಲ್ ಎಂಜಿನುಗಳಲ್ಲಿ ಐಡ್ಲಿಂಗಿನಲ್ಲಿ ಸಾಮಾನ್ಯವಾಗಿ 250ರಿಂದ 350 ಬಾರ್ ಇರುತ್ತದೆ, ಪೂರ್ತಿ ಭಾರದಲ್ಲಿ ಸಾವಿರ ದಾಟುತ್ತದೆ. ಐಡ್ಲಿಂಗಿನಲ್ಲಿ ಸರಿಯಿದ್ದು ಏರಿನಲ್ಲಿ ಮಾತ್ರ ಬೀಳುತ್ತಿದ್ದರೆ ಫಿಲ್ಟರಿನ ಮೇಲೆ ಮೊದಲ ಅನುಮಾನ.

ಇದೆಲ್ಲ ಸರಿಯಿದ್ದರೆ ನೋಝಲ್‌ಗಳ ರಿಟರ್ನ್ ಪರೀಕ್ಷೆ. ನಾಲ್ಕು ನೋಝಲ್‌ಗಳ ರಿಟರ್ನ್ ಪೈಪ್ ತೆಗೆದು ನಾಲ್ಕು ಬಾಟಲಿಗೆ ಬಿಟ್ಟು ಎಂಜಿನ್ ಸ್ವಲ್ಪ ಹೊತ್ತು ಓಡಿಸಿದರೆ ಯಾವುದು ಹೆಚ್ಚು ಸೋರುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಮೂರು ಸಮನಾಗಿದ್ದು ಒಂದು ಬಾಟಲಿ ಬೇಗ ತುಂಬಿದರೆ ಆ ಒಂದೇ ನೋಝಲ್ ರಿಪೇರಿಗೆ ಕೊಟ್ಟರೆ ಸಾಕು. ಪಂಪಿನ ಸರದಿ ಎಲ್ಲಕ್ಕಿಂತ ಕೊನೆಗೆ.

ಪಿ0299 ಎಂದರೆ ಟರ್ಬೊ ಗಾಳಿಯ ಒತ್ತಡ ಸಾಲದು. ಟರ್ಬೊ ಬದಲಿಸುವ ಮೊದಲು ಟರ್ಬೊದಿಂದ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನಿಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಹಿಚುಕಿ ನೋಡಿ. ಬಿರುಕಿದ್ದಲ್ಲಿ ಎಣ್ಣೆಯ ಪಸೆ ಕೂತಿರುತ್ತದೆ. ವ್ಯಾಕ್ಯೂಮಿನಿಂದ ನಡೆಯುವ ಟರ್ಬೊ ಆದರೆ ಸಪೂರದ ವ್ಯಾಕ್ಯೂಮ್ ಪೈಪ್ ಒಡೆದಿದೆಯೇ ನೋಡಿ. ಇನ್ನು ಪಿ0504 ಬ್ರೇಕ್ ಸ್ವಿಚ್ಚಿನ ಕೋಡ್. ಬ್ರೇಕ್ ಲೈಟ್ ಉರಿಸುವ ಆ ಸಣ್ಣ ಸ್ವಿಚ್ ಕೆಟ್ಟು, ಕಾಲು ಬ್ರೇಕಿನ ಮೇಲಿದೆ ಎಂದು ಇಸಿಯು ತಿಳಿದುಕೊಂಡರೆ ಆಕ್ಸಿಲರೇಟರ್ ಒತ್ತಿದರೂ ಗಾಡಿ ಓಡದಿರಬಹುದು.

ಕೈ ಹಾಕಬಾರದ ಜಾಗ

ಎಂಜಿನ್ ಓಡುತ್ತಿರುವಾಗ ಹೈ ಪ್ರೆಶರ್ ಪೈಪಿನ ನಟ್ ಸಡಿಲಿಸುವ ಹಳೆಯ ಅಭ್ಯಾಸ ಕಾಮನ್ ರೇಲ್ ಗಾಡಿಗೆ ಆಗುದೇ ಇಲ್ಲ. ಡಿಐ ಜೀಪಿನಲ್ಲಿ ನಡೆದದ್ದು ಇಲ್ಲಿ ಪ್ರಾಣಕ್ಕೆ ಬರುತ್ತದೆ. ನೂರಾರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಮೊನೆಯಷ್ಟು ಕಂಡರೂ ಕೈಯನ್ನೇ ಕಳೆದುಕೊಳ್ಳುವ ಅಪಾಯ ಉಂಟು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ಬೆರಳು ಬಳಸಬೇಡಿ, ರಟ್ಟಿನ ತುಂಡು ಹಿಡಿಯಿರಿ. ನೋಝಲ್ ವಯರಿನಲ್ಲೂ ಬ್ಯಾಟರಿಗಿಂತ ಎಷ್ಟೋ ಹೆಚ್ಚು ವೋಲ್ಟೇಜ್ ಇರುತ್ತದೆ, ಎಂಜಿನ್ ಓಡುವಾಗ ಅದನ್ನು ಮುಟ್ಟಬಾರದು. ಜೀಪಿಗೆ ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿ ವಯರ್ ಕಳಚಿಯೇ ಮಾಡಿಸಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದ್ದು

ಎಲ್ಲರೂ ಮೀಟರ್ ಹಿಡಿಯಬೇಕೆಂದಿಲ್ಲ. ಆದರೆ ಹಣ ಕೊಡುವವರು ಕೇಳಬಹುದಾದ ಪ್ರಶ್ನೆಗಳಿವೆ, ಕೇಳಲು ಸಂಕೋಚ ಬೇಡ.

* ಎಷ್ಟು ಕೋಡ್ ಬಂದಿದೆ, ಅಳಿಸುವ ಮೊದಲು ಎಲ್ಲದರ ಫೋಟೊ ಕೊಡುತ್ತೀರಾ?
* ಇದು ಈಗ ಇರುವ ಕೋಡೇ, ಹಿಂದೆ ಯಾವಾಗಲೋ ಬಂದು ಉಳಿದದ್ದೇ?
* ಬ್ಯಾಟರಿ, ಡೈನಮೋ, ಅರ್ತ್ ಅಳತೆ ಮಾಡಿದ್ದೀರಾ? ಎಷ್ಟು ಬಂತು?
* ಈ ಪಾರ್ಟ್ ಹೋಗಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು?
* ಬದಲಿಸಿದ ಹಳೆಯ ಪಾರ್ಟ್ ನಮಗೆ ಕೊಡುತ್ತೀರಾ?

ಒಳ್ಳೆಯ ಮೇಸ್ತ್ರಿಗೆ ಈ ಪ್ರಶ್ನೆಗಳಿಂದ ಬೇಸರ ಆಗುವುದಿಲ್ಲ. ನಾವೂ ಒಂದು ಮಾತು ನೆನಪಿಡಬೇಕು. ಅರ್ಧ ದಿನ ಹುಡುಕಿ ಒಂದು ತುಕ್ಕು ಹಿಡಿದ ಬೋಲ್ಟ್ ಪತ್ತೆ ಮಾಡಿದವರಿಗೆ "ಎಂತ ಮಾಡಿದ್ದು ನೀವು, ಒಂದು ವಯರ್ ಹಾಕಿದ್ದಲ್ವಾ" ಎಂದು ಕೂಲಿಗೆ ಚೌಕಾಸಿ ಮಾಡಿದರೆ, ಮುಂದಿನ ಸಲ ಅವರು ಹುಡುಕುವ ಗೋಜಿಗೆ ಹೋಗುವುದಿಲ್ಲ, ಪಾರ್ಟ್ ಬದಲಿಸಿ ಕಳುಹಿಸುತ್ತಾರೆ. ಪಾರ್ಟಿಗೆ ಮಾತ್ರ ಹಣ, ಬುದ್ಧಿಗೆ ಇಲ್ಲ ಎಂಬ ನಮ್ಮ ಲೆಕ್ಕಾಚಾರವೂ ಈ ರೋಗಕ್ಕೆ ಒಂದು ಕಾರಣ.

ಮೊಬೈಲಿಗೆ ಸೇರುವ ಸಣ್ಣ ಬ್ಲೂಟೂತ್ ಸ್ಕ್ಯಾನರ್‌ಗಳು ಈಗ ಕಡಿಮೆ ಬೆಲೆಗೆ ಸಿಗುತ್ತವೆ. ಮನೆಯಲ್ಲಿ ಒಂದಿದ್ದರೆ ಒಳ್ಳೆಯದೇ. ಆದರೆ ಹಳೆಯ ಜೀಪುಗಳೆಲ್ಲ ಅವುಗಳ ಜೊತೆ ಮಾತಾಡುವುದಿಲ್ಲ. ನಮ್ಮ ದೇಶದಲ್ಲಿ ಒಬಿಡಿ ಎರಡನೇ ಹಂತದ ನಿಯಮ ಬಂದದ್ದು 2013ರಲ್ಲಿ. ಅದಕ್ಕಿಂತ ಹಳೆಯ ಗಾಡಿಗೆ ಆ ಕಂಪನಿಯ ಭಾಷೆ ಗೊತ್ತಿರುವ ಸ್ಕ್ಯಾನರ್ ಬೇಕಾಗಬಹುದು. ಸ್ಕ್ಯಾನರಿನ ಲೈಟೇ ಉರಿಯದಿದ್ದರೆ 16 ಪಿನ್ನಿನ ಪ್ಲಗ್ಗಿಗೆ ಕರೆಂಟ್ ಕೊಡುವ ಫ್ಯೂಸ್ ಹೋಗಿದೆಯೇ ನೋಡಿ.

ಕೆಲಸ ಕಲಿಯುವ ಮಕ್ಕಳಿಗೆ

ನಮ್ಮ ಹುಡುಗರು ಗ್ಯಾರೇಜು ಕೆಲಸಕ್ಕೆ ಹೊಸಬರಲ್ಲ. ಇಲ್ಲಿ ಕಲಿತು ಗಲ್ಫಿನ ಸನಾಯಗಳಲ್ಲಿ ಹೆಸರು ಮಾಡಿದವರಿದ್ದಾರೆ. ಆದರೆ ಸ್ಕ್ಯಾನರ್ ಹಿಡಿದವರೆಲ್ಲ ಎಲೆಕ್ಟ್ರಿಷಿಯನ್ ಆಗುವುದಿಲ್ಲ. ಕೋಡ್ ಓದಲು ಐದು ನಿಮಿಷ ಸಾಕು, ವಯರಿಂಗ್ ಚಿತ್ರ ನೋಡಿ ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇರಬೇಕು ಎಂದು ಹೇಳಲು ವರ್ಷಗಳು ಬೇಕು. ಸಂಬಳದಲ್ಲಿ ವ್ಯತ್ಯಾಸ ಆಗುವುದೂ ಅಲ್ಲೇ.

ಐಟಿಐಗಳಲ್ಲಿ ಒಂದು ವರ್ಷದ ಮೆಕ್ಯಾನಿಕ್ ಡೀಸೆಲ್, ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್‌ಗಳಿವೆ. ಎಸೆಸೆಲ್ಸಿ ಮುಗಿಸಿ ನೇರ ಗ್ಯಾರೇಜಿಗೆ ಹೋಗುವ ಹುಡುಗ ಇವುಗಳಲ್ಲಿ ಒಂದನ್ನು ಮುಗಿಸಿಕೊಂಡರೆ ಕೈಯ ಅಭ್ಯಾಸಕ್ಕೆ ಓದಿನ ಬಲ ಸಿಗುತ್ತದೆ. ಜೊತೆಗೆ ಊರಿನಲ್ಲಿ ಇನ್ನೂ ಇರುವ ಹಿರಿಯ ಮೇಸ್ತ್ರಿಗಳ ಹತ್ತಿರ ಸ್ವಲ್ಪ ಕಾಲ ನಿಲ್ಲಬೇಕು. ಹೊಗೆಯ ಬಣ್ಣ, ಸೆಲ್ಫ್ ತಿರುಗುವ ಶಬ್ದ, ಡೀಸೆಲಿನ ವಾಸನೆ ಯಾವ ಪರದೆಯಲ್ಲೂ ಬರುವುದಿಲ್ಲ. ಹಿರಿಯರ ಕಿವಿ ಮತ್ತು ಕಿರಿಯರ ಸ್ಕ್ಯಾನರ್ ಒಂದೇ ಗ್ಯಾರೇಜಿನಲ್ಲಿ ಸೇರಿದರೆ ಲಾಭ ಎರಡೂ ಕಡೆಗೆ.

ಹದಿನೈದು ವರ್ಷ ತುಂಬಿದ ಸ್ವಂತ ಗಾಡಿಯ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ಫಿಟ್‌ನೆಸ್ ತೋರಿಸಬೇಕು. ಆ ದಿನ ಹತ್ತಿರ ಬಂದಿರುವ ಜೀಪುಗಳು ನಮ್ಮಲ್ಲಿ ಬಹಳ. ಅಷ್ಟರವರೆಗೆ ಲೈಟ್ ಉರಿಯುತ್ತಲೇ ಇರಲಿ ಎಂದು ಬಿಟ್ಟರೆ ಸಣ್ಣ ಖರ್ಚು ದೊಡ್ಡದಾಗುತ್ತದೆ. ಮಳೆ ನಿಂತ ಮೇಲೆ ಒಂದು ಬೆಳಗ್ಗೆ ಬಾನೆಟ್ ತೆರೆದು, ಬ್ಯಾಟರಿಯಿಂದ ಎಂಜಿನಿನವರೆಗಿನ ಅರ್ತ್ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಕೆರೆದು, ಬಿಗಿ ಮಾಡಿ. ಒಂದು ಸ್ಪ್ಯಾನರ್, ಒಂದು ಮರಳು ಕಾಗದ, ಒಂದು ಗಂಟೆ ಸಾಕು. ಬರುವ ಕೋಡ್‌ಗಳಲ್ಲಿ ಕೆಲವಾದರೂ ಅಲ್ಲಿಗೇ ನಿಲ್ಲುತ್ತವೆ.